ಚುಕ್ಕೆ ಹಕ್ಕಿಯಿಂದ ಪರ್ಪಲ್ ಗಿನಿ ಕೋಳಿ ತೆಗೆದದ್ದು: ನನ್ನ ಅನುಭವ

ಗಿನಿ ಕೋಳಿಯಲ್ಲಿ ಕಪ್ಪು ಬಣ್ಣ ನಮ್ಮಂಥವರ ಕೈಲಿ ಆಗಲ್ಲ ಅಂತ ಶಿರಾ ಸುತ್ತಮುತ್ತ ನನಗೆ ಹೇಳದವರೇ ಇಲ್ಲ. ಈಗ ನನ್ನ ಶೆಡ್ಡಿನಲ್ಲಿ ನಲವತ್ತರ ಹತ್ತಿರ ಪರ್ಪಲ್ ಹಕ್ಕಿಗಳಿವೆ. ಪರ್ಪಲ್ ಅಂದ್ರೆ ಮೈಯೆಲ್ಲ ಕಪ್ಪಾಗಿ, ಚುಕ್ಕೆ ತೀರಾ ಕಡಿಮೆ ಇರುವ ಗಿನಿ. ಒಂದು ಹುಂಜ ಬಿಟ್ಟರೆ ಉಳಿದವೆಲ್ಲ ನನ್ನ ಇನ್‌ಕ್ಯುಬೇಟರಿನಲ್ಲೇ ಮರಿಯಾದವು.

ನಮ್ಮ ಕಡೆ ಜಾಸ್ತಿ ಜನ ಮಾಮೂಲಿ ಚುಕ್ಕೆ ಹಕ್ಕಿಗಳಲ್ಲೇ (ಬೂದು ಮೈಗೆ ಬಿಳಿ ಚುಕ್ಕೆ ಇರುವವು) ಸ್ವಲ್ಪ ಕಪ್ಪಗಿರುವುದನ್ನು ಆರಿಸಿ ಜೋಡಿ ಹಾಕುತ್ತಾರೆ. ನನ್ನ ಸ್ನೇಹಿತರೊಬ್ಬರು ನಾಲ್ಕೈದು ವರ್ಷ ಇದನ್ನೇ ಮಾಡಿದರು. ಮೇವಿಗೆ ಕರಿ ಎಳ್ಳು ಕೂಡ ಹಾಕಿದರು. ಎಳ್ಳನ್ನು ನಾನೂ ಒಂದು ಗೂಡಿಗೆ ಹಾಕಿ ನೋಡಿದೆ. ಪುಕ್ಕಕ್ಕೆ ಹೊಳಪು ಬಂತು, ಬಣ್ಣ ಒಂದಿಷ್ಟೂ ಬದಲಾಗಲಿಲ್ಲ. ಚುಕ್ಕೆ ಹೋಗಬೇಕು ಅಂದ್ರೆ ಚುಕ್ಕೆ ಇಲ್ಲದ ರಕ್ತ ಒಂದು ಕಡೆಯಿಂದ ಬರಲೇಬೇಕು.

ಆ ರಕ್ತ ಸಿಗೋದೇ ಕಷ್ಟ. ಮೊದಲು ಒಬ್ಬ ವ್ಯಾಪಾರಿಗೆ ಫೋಟೋ ನೋಡಿ ಆರು ಸಾವಿರದಷ್ಟು ಕಳಿಸಿದೆ. ಬಂದ ಹಕ್ಕಿಗಳ ಎದೆಯೆಲ್ಲ ಬಿಳಿ. ಬಿಳಿ ಗಿನಿಗೆ ಚುಕ್ಕೆ ಗಿನಿ ಕೂಡಿದರೆ ಬರುವ ಮಿಶ್ರ ಅವು. ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ತಮಿಳುನಾಡಿನ ಕಡೆಯಿಂದ ಒಂದು ಪರ್ಪಲ್ ಹುಂಜ ಸಿಕ್ಕಿತು. ಗಾಡಿ ಬಾಡಿಗೆ ಸೇರಿ ಐದು ಸಾವಿರ ದಾಟಿತು.

ಅದನ್ನು ನಮ್ಮ ಚುಕ್ಕೆ ಹ್ಯಾಟೆಗಳ (ಹೆಣ್ಣು ಹಕ್ಕಿಗಳ) ಜೊತೆ ಬಿಟ್ಟೆ. ಒಂದು ಹುಂಜಕ್ಕೆ ನಾಲ್ಕೈದು ಹ್ಯಾಟೆ ಸಾಕು ಅಂತಾರಲ್ವಾ, ಇವನು ಒಂದನ್ನೇ ಹಿಡಿದುಕೊಂಡ. ಉಳಿದವುಗಳ ಮೊಟ್ಟೆ ಮುಕ್ಕಾಲು ಪಾಲು ಗೊಡ್ಡು. ಗಿನಿ ಮೊಟ್ಟೆಯ ಚಿಪ್ಪು ದಪ್ಪ, ಲೈಟ್ ಹಿಡಿದರೂ ಗೊಡ್ಡು ಅಂತ ಬೇಗ ಗೊತ್ತಾಗಲ್ಲ. ಆಮೇಲೆ ಹ್ಯಾಟೆಗಳನ್ನು ಚಿಕ್ಕ ಗೂಡುಗಳಲ್ಲಿ ಬೇರೆ ಬೇರೆ ಇಟ್ಟು ಹುಂಜವನ್ನು ತಿರುಗಿಸಿದೆ. ಅವನು ಹೊಸ ಹ್ಯಾಟೆಯನ್ನು ಒಪ್ಪುವಂತೆ ಮಾಡುವುದಕ್ಕೆ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಮೊದಲ ಸೀಸನ್‌ನಲ್ಲಿ ಬಂದ ಮರಿಗಳೆಲ್ಲ ಚುಕ್ಕೆಯವೇ. ನಮ್ಮ ಮಾವ ಬಂದು ನೋಡಿ, "ಏನ್ ಅಳಿಯಂದ್ರೇ, ಐದು ಸಾವಿರ ಕೊಟ್ಟು ತಂದಿದ್ದು ಇದಕ್ಕಾ?" ಅಂದರು. ಊರಲ್ಲೂ ಅದೇ ಮಾತು. ಎಷ್ಟೋ ಜನ ಇಲ್ಲೇ ಕೈಬಿಟ್ಟು ಮರಿಗಳನ್ನು ಸಂತೆಗೆ ಹಾಕಿಬಿಡುತ್ತಾರೆ. ದಯವಿಟ್ಟು ಮಾರಬೇಡಿ. ಪರ್ಪಲ್ ಬಣ್ಣ ಎದ್ದು ಕಾಣಬೇಕಾದರೆ ಅಪ್ಪ, ಅಮ್ಮ ಎರಡೂ ಕಡೆಯಿಂದ ಬರಬೇಕು. ಒಂದೇ ಕಡೆಯಿಂದ ಬಂದರೆ ಒಳಗೆ ಅಡಗಿ ಕೂತಿರುತ್ತದೆ. ಆ ಚುಕ್ಕೆ ಮರಿಗಳೇ ನಿಮ್ಮ ಬಂಡವಾಳ. ನಾನು ಕಾಲಿಗೆ ಹಳದಿ ರಿಂಗ್ ಹಾಕಿ, ಹ್ಯಾಟೆ ಮರಿಗಳನ್ನೆಲ್ಲ ಉಳಿಸಿಕೊಂಡೆ.

ಎಂಟೊಂಬತ್ತು ತಿಂಗಳಿಗೆ ಅವು ಮೊಟ್ಟೆಗೆ ಬಂದವು. ಅವುಗಳನ್ನು ಅಪ್ಪನಿಗೇ ಜೋಡಿ ಹಾಕಿದೆ. ಈ ಸಲ ಸರಿಸುಮಾರು ಅರ್ಧಕ್ಕರ್ಧ ಪರ್ಪಲ್! ಇನ್‌ಕ್ಯುಬೇಟರಿನ ಟ್ರೇಯಲ್ಲೇ ಗೊತ್ತಾಗುತ್ತದೆ. ಚುಕ್ಕೆ ಹಕ್ಕಿಯ ಮರಿಗೆ ತಲೆ ಮೇಲೆ ಕಂದು ಪಟ್ಟೆ ಎದ್ದು ಕಾಣುತ್ತದೆ. ಈ ಮರಿಗಳ ಬೆನ್ನು ಒದ್ದೆ ಇದ್ದಾಗಲೇ ಪೂರ್ತಿ ಕಪ್ಪು, ತಲೆಯ ಪಟ್ಟೆ ಮಸುಕು. ಮೊದಲ ಕರಿ ಮರಿ ಹೊರಬಂದಾಗ ರಾತ್ರಿ ಎರಡು ಗಂಟೆ ಇರಬೇಕು, ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಆ ಖುಷಿ ತುಂಬ ದಿನ ಇರಲಿಲ್ಲ. ಜುಲೈ ಜಿಟಿಜಿಟಿ ಮಳೆಯಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಗೂಡು) ತಣ್ಣಗಾಯಿತು. ಬೆಳಿಗ್ಗೆ ನೋಡಿದರೆ ಹದಿನೈದಿಪ್ಪತ್ತು ಮರಿ ಒಂದರ ಮೇಲೊಂದು ಗುಂಪಾಗಿ ಸತ್ತಿದ್ದವು. ಗಿನಿ ಮರಿಗೆ ಥಂಡಿ, ತೇವ ಎರಡೂ ಆಗಲ್ಲ. ಇನ್ವರ್ಟರಿಗೆ ಹದಿನೆಂಟು ಸಾವಿರ ಸುರಿದೆ. ಈ ಕೆಲಸದಲ್ಲಿ ದಂಡವಲ್ಲದ ಖರ್ಚು ಅದೊಂದೇ ಅಂತ ಈಗಲೂ ಹೇಳುತ್ತೇನೆ.

ಅಪ್ಪನಿಗೆ ಮಗಳನ್ನು ಹಾಕೋದು ಒಂದೇ ಸಲ ಸಾಕು. ಆಸೆಗೆ ಬಿದ್ದು ಮುಂದುವರಿಸಿದರೆ ಮರಿಗಳಲ್ಲಿ ಶಕ್ತಿ ಉಳಿಯಲ್ಲ. ಅದಕ್ಕೆ ನಾನು ಬೇರೆ ಊರಿನ ಚುಕ್ಕೆ ಹ್ಯಾಟೆಗಳನ್ನು ತಂದು ಇನ್ನೊಂದು ಸಾಲು, ಅಂದ್ರೆ ಇನ್ನೊಂದು ವಂಶ, ಬೆಳೆಸಿದೆ. ಈಗ ಒಂದು ಸಾಲಿನ ಪರ್ಪಲ್ ಹುಂಜ, ಇನ್ನೊಂದು ಸಾಲಿನ ಪರ್ಪಲ್ ಹ್ಯಾಟೆ. ಬರೋದೆಲ್ಲ ಪರ್ಪಲ್.

ಮಧ್ಯೆ ಸುಮ್ನೆ ಕುತೂಹಲಕ್ಕೆ ಒಂದು ಲ್ಯಾವೆಂಡರ್ (ತಿಳಿ ಬೂದು ಬಣ್ಣದ) ಹ್ಯಾಟೆಗೆ ಪರ್ಪಲ್ ಹುಂಜ ಬಿಟ್ಟೆ. ಬೂದು ಒಂದು ಕಡೆ, ಕಪ್ಪು ಒಂದು ಕಡೆ, ಹುಟ್ಟಿದ್ದು ಮಾತ್ರ ಅಪ್ಪಟ ಚುಕ್ಕೆ ಹಕ್ಕಿ! ಅವನ್ನೇ ಒಂದಕ್ಕೊಂದು ಜೋಡಿ ಹಾಕಿದಾಗ ಚುಕ್ಕೆ, ಲ್ಯಾವೆಂಡರ್, ಪರ್ಪಲ್ ಎಲ್ಲ ಬಂದವು. ಎರಡು ಮರಿ ಚುಕ್ಕೆ ಕಡಿಮೆ ಇರುವ ತಿಳಿ ನೀಲಿ. ಅವುಗಳ ಮೇಲೆ ನನಗೆ ಭಾರಿ ಆಸೆ ಇದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಶೆಡ್ ಬಿಟ್ಟು ನಲವತ್ತು ಸಾವಿರ ಹೋಗಿರಬಹುದು. ಚುಕ್ಕೆ ಜೋಡಿಗೆ ಸಾವಿರದ ಇನ್ನೂರು ಸಿಗುವ ಕಡೆ ಪರ್ಪಲ್ ಜೋಡಿಯನ್ನು ಮೂರು ಸಾವಿರಕ್ಕೆ ಒಯ್ಯುತ್ತಿದ್ದಾರೆ. ಹೋದ ವರ್ಷ ಹಾಕಿದ್ದು ವಾಪಸ್ ಬಂತು. ನನ್ನ ಪರ್ಪಲ್ ಹಕ್ಕಿಗಳ ಪಕ್ಕೆಯ ಪುಕ್ಕದಲ್ಲಿ ಇನ್ನೂ ಸಾಲಾಗಿ ಚುಕ್ಕೆ ಉಳಿದಿವೆ. ಈಗ ಅದನ್ನು ಕಡಿಮೆ ಮಾಡುವ ಕೆಲಸ ನಡೀತಿದೆ. ಅದಕ್ಕೆ ಇಟ್ಟಿರುವ ಗೂಡಿನ ಹುಂಜಗಳನ್ನು ಸದ್ಯಕ್ಕೆ ಯಾರಿಗೂ ಕೊಡಲ್ಲ. ಹಳದಿ ರಿಂಗಿನ ಹ್ಯಾಟೆಗಳು ಬೇಕಾದರೆ ಚುಕ್ಕೆ ಹಕ್ಕಿಯ ಬೆಲೆಗೇ ಕೊಡುತ್ತೇನೆ.