ಬಚ್ಚಲ ಜಾಲರಿಯ ಲೆಕ್ಕ

ಎರಡು ವರ್ಷದ ಹಿಂದೆ ಗೌರಿ ಹಬ್ಬದ ದಿನ ನಾನು ಬಗ್ಗಿ ಬಾಗಿನ ಕೊಡುತ್ತಿದ್ದಾಗ ಸೊಸೆ ಒಂದು ಫೋಟೊ ತೆಗೆದಳು. ಮೊರ, ಬಳೆ, ರವಿಕೆ ಕಣ ಎಲ್ಲ ಚೆನ್ನಾಗಿಯೇ ಬಂದಿತ್ತು. ನನ್ನ ಕಣ್ಣು ಹೋಗಿದ್ದು ಮಾತ್ರ ನನ್ನದೇ ಬೈತಲೆಗೆ. ಕನ್ನಡಿಯಲ್ಲಿ ಗೆರೆಯ ಹಾಗಿದ್ದದ್ದು ಫೋಟೊದಲ್ಲಿ ಕಿರುಬೆರಳಿನಷ್ಟು ಅಗಲ! ಆಗ ನನಗೆ ಅರವತ್ತೊಂದು. ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು.

ಅದರ ಹಿಂದೆಯೇ ಇನ್ನೊಂದು ಪೆಟ್ಟು. ಜುಲೈಯಲ್ಲಿ ಡೆಂಗಿ ಜ್ವರ ಬಂದು ಹೋಗಿತ್ತು. ಅಕ್ಟೋಬರಿನಲ್ಲಿ ತಲೆಗೆ ನೀರು ಹಾಕಿಕೊಂಡ ದಿನ ಬಚ್ಚಲ ಜಾಲರಿ ಕಟ್ಟಿಕೊಂಡು ನೀರು ಹಿಮ್ಮಡಿವರೆಗೆ ನಿಂತಿತು. ಕೈ ಹಾಕಿ ತೆಗೆದರೆ ಬೆಕ್ಕಿನ ಮರಿಯಷ್ಟು ದೊಡ್ಡ ಕೂದಲ ಮುದ್ದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ, ಸುಳ್ಳು ಯಾಕೆ ಹೇಳಲಿ.

ಅಂಚೆ ಕಚೇರಿಯ ಉಳಿತಾಯ ಖಾತೆ ಕೌಂಟರಿನಲ್ಲಿ ಬಹುಕಾಲ ಕೂತವಳು ನಾನು. ಸಂಜೆ ಲೆಕ್ಕ ತಾಳೆ ಆಗದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಇದಕ್ಕೂ ಒಂದು ಲೆಕ್ಕ ಇಡೋಣ ಅಂದುಕೊಂಡು ಮೊಮ್ಮಗನ ಹಳೇ ನೋಟ್‌ಬುಕ್ ತೆಗೆದೆ. ತಲೆಸ್ನಾನದ ದಿನ ಜಾಲರಿಯಲ್ಲಿ, ಬಾಚಣಿಗೆಯಲ್ಲಿ ಸಿಕ್ಕಿದ್ದನ್ನೆಲ್ಲ ಒಣಗಿಸಿ ಕ್ಯಾಲೆಂಡರಿನ ಹಿಂಬದಿಯ ಮೇಲೆ ಹರಡಿ ಹತ್ತು ಹತ್ತು ಬೇರೆ ಮಾಡಿ ಎಣಿಸುವುದು. ಎರಡನೇ ವಾರ ತಪ್ಪು ಗೊತ್ತಾಯಿತು. ನನ್ನ ಅರ್ಧ ತಲೆ ಬೆಳ್ಳಗಾಗಿದೆ, ಬಿಳಿ ಹಾಳೆಯ ಮೇಲೆ ಬಿಳಿ ಕೂದಲು ಎಲ್ಲಿ ಕಾಣುತ್ತದೆ? ಆಮೇಲೆ ಕಪ್ಪನ್ನು ಕ್ಯಾಲೆಂಡರಿನ ಮೇಲೆ, ಬಿಳಿಯನ್ನು ಹರಿದ ಕೊಡೆಯ ಕರಿಬಟ್ಟೆಯ ಮೇಲೆ ಎಣಿಸಿದೆ. ಅಕ್ಟೋಬರಿನ ಮೂರನೇ ಭಾನುವಾರ 341 ಅಂತ ಬರೆದಿದ್ದೇನೆ. ನಮ್ಮ ಮನೆಯವರು ಇಣುಕಿ ನೋಡಿ, "ಇದಕ್ಕೆ ಬಡ್ಡಿ ಎಷ್ಟು ಕೊಡ್ತಾರೆ?" ಅಂದರು. ಅವರ ತಲೆ ಮೂವತ್ತೈದಕ್ಕೇ ಬೋಳಾಗಿತ್ತು, ಅವರಿಗೇನು.

ಲೆಕ್ಕ ಇಟ್ಟೆ ಸರಿ, ಆದರೆ ಔಷಧದಲ್ಲಿ ಶಿಸ್ತು ಇಡಲಿಲ್ಲ. ಯಾರು ಏನು ಹೇಳಿದರೂ ಒಟ್ಟಿಗೇ ಶುರು ಮಾಡಿದೆ. ಓರಗಿತ್ತಿ ಕಾಯಿಸಿ ಕಳಿಸಿದ ಗರುಗದ ಸೊಪ್ಪಿನ ಎಣ್ಣೆ, ಈರುಳ್ಳಿ ರಸ, ಮನೆ ಹಿತ್ತಲ ದಾಸವಾಳದ ಎಲೆ ಕಿವುಚಿ ಮಾಡಿದ ಲೋಳೆ, ಅಂದರೆ ಗೊಂಪು, ಮಗಳು ಆರ್ಡರ್ ಮಾಡಿದ ಬಯೋಟಿನ್ ಎಂಬ ವಿಟಮಿನ್ ಮಾತ್ರೆ, ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ 2,800 ರೂಪಾಯಿಯ ಒಂದು ಬಾಟಲಿ ಎಣ್ಣೆ. ಜನವರಿ ಹೊತ್ತಿಗೆ ಲೆಕ್ಕ 150ಕ್ಕೆ ಇಳಿಯಿತು. ಆ ಎಣ್ಣೆಯೇ ಕೆಲಸ ಮಾಡಿತು ಅಂತ ನಾಲ್ಕು ಜನರಿಗೆ ಹೇಳಿಯೂ ಬಂದೆ.

ಆದರೆ ಬೈತಲೆ ಅಗಲವಾಗಿಯೇ ಇತ್ತು. ಶಿವಮೊಗ್ಗದಲ್ಲಿ ಒಂದು ಕೂದಲ ಚಿಕಿತ್ಸೆಯ ಕೇಂದ್ರಕ್ಕೆ ಹೋದರೆ, ಒಂದು ರಕ್ತ ಪರೀಕ್ಷೆಯ ಮಾತೂ ಇಲ್ಲದೆ 80,000 ರೂಪಾಯಿಯ ಪ್ಯಾಕೇಜು ಮುಂದಿಟ್ಟರು. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಆಮೇಲೆ ಹೋಗಿದ್ದು ಚರ್ಮದ ಡಾಕ್ಟರ ಹತ್ತಿರ. ಮಗಳ ವಯಸ್ಸಿನವರು. ಮಸೂರದಂಥ ಒಂದು ಸಾಧನ ನೆತ್ತಿಗೆ ಒತ್ತಿ, ಪರದೆಯ ಮೇಲೆ ನನಗೇ ತೋರಿಸಿದರು. ಪಕ್ಕಪಕ್ಕದಲ್ಲೇ ಒಂದು ದಪ್ಪ ಕೂದಲು, ಒಂದು ಸಣ್ಣ, ಇನ್ನೊಂದು ಎಳೆ ಮಗುವಿನ ಕೂದಲಿನಷ್ಟು ತೆಳು.

"ಅಮ್ಮ, ನಿಮಗೆ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿದೆ" ಅಂದರು. ಜೋರು ಜ್ವರ ಬಂದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟೊಟ್ಟಿಗೆ ಬೆಳೆಯುವುದು ನಿಲ್ಲಿಸಿ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವಂತೆ. ಅದು ಸುಮಾರು ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಅಂದರೆ ನನ್ನ 341 ಎಂಬುದು 150 ಆಗಿದ್ದು ಎಣ್ಣೆಯಿಂದಲ್ಲ, ಅದರ ಕಾಲ ಮುಗಿದಿದ್ದರಿಂದ! ಆ ನಾಲ್ಕು ಜನರಿಗೆ ಮತ್ತೆ ಫೋನ್ ಮಾಡಿ ಹೇಳಬೇಕಾಯಿತು. ಇನ್ನೊಂದು ನಿಧಾನದ್ದು. ವಯಸ್ಸಾದಂತೆ ಕೂದಲಿನ ಬುಡ ಸಣ್ಣಗಾಗುತ್ತಾ, ಪ್ರತಿ ಸಲವೂ ಮೊದಲಿಗಿಂತ ತೆಳುವಾದ, ಗಿಡ್ಡವಾದ ಕೂದಲು ಹುಟ್ಟುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ಮುಂದಲೆಯ ಅಂಚು ಹಾಗೇ ಉಳಿದು ಬೈತಲೆ ಅಗಲವಾಗುತ್ತದೆ. ಇದು ತಾನಾಗಿ ವಾಪಸು ಬರುವುದಲ್ಲ.

ರಕ್ತ ಪರೀಕ್ಷೆ ಮಾಡಿಸಿದರೆ ಹೊಸ ಗಾಬರಿ. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಎಂಬ ಹಾರ್ಮೋನು ತೀರಾ ಕಡಿಮೆ, ಥೈರಾಯ್ಡ್ ಜಾಸ್ತಿ ಕೆಲಸ ಮಾಡುವವರ ಥರ. ಡಾಕ್ಟರು ರಿಪೋರ್ಟ್ ನೋಡಿ, ನನ್ನ ಮುಖ ನೋಡಿ, "ಕೂದಲಿಗೆ ಅಂತ ಏನಾದರೂ ಮಾತ್ರೆ ತಗೊಳ್ತಿದ್ದೀರಾ?" ಅಂದರು. ಬಯೋಟಿನ್ ವಿಷಯ ನಾನು ಹೇಳೇ ಇರಲಿಲ್ಲ. ವಿಟಮಿನ್ ತಾನೇ, ಅದೇನು ಔಷಧವೇ ಅಂತ. ನಮಗೆ ದಿನಕ್ಕೆ ಬೇಕಾದ ಬಯೋಟಿನ್ ಮೂವತ್ತು ನಲವತ್ತು ಮೈಕ್ರೊಗ್ರಾಂ ಅಷ್ಟೇ. ಆ ಮಾತ್ರೆಯಲ್ಲಿ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೊಗ್ರಾಂ ಇತ್ತು. ಅಷ್ಟಿದ್ದರೆ ಕೆಲವು ಬಗೆಯ ಪರೀಕ್ಷೆಗಳು ದಾರಿ ತಪ್ಪಿ, ಇಲ್ಲದ ಥೈರಾಯ್ಡ್ ಕಾಯಿಲೆ ತೋರಿಸುತ್ತವೆ. ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟೆ, ಎಲ್ಲ ಸರಿಯಾಗಿ ಬಂತು. ಯಾವ ಪರೀಕ್ಷೆಗೆ ಹೋದರೂ ತಗೊಳ್ಳುವ ಮಾತ್ರೆಗಳನ್ನೆಲ್ಲ, ವಿಟಮಿನ್ನೂ ಸೇರಿಸಿ, ಈಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ.

ನಿಜವಾಗಿ ಕಡಿಮೆ ಇದ್ದದ್ದು ಫೆರಿಟಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. 14 ಇತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಾಸ್‌ಬುಕ್‌ನಲ್ಲಿ ಬ್ಯಾಲೆನ್ಸ್ ತಳ ಕಂಡಿತ್ತು. ಮುಟ್ಟು ನಿಂತವರಲ್ಲಿ ಕಬ್ಬಿಣ ಖಾಲಿಯಾದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಲೇಬೇಕು ಅಂದವರು, ಕೂದಲ ಮಾತು ಬದಿಗಿಟ್ಟು ನನ್ನನ್ನು ಹೊಟ್ಟೆಯ ಡಾಕ್ಟರ ಹತ್ತಿರ ಕಳಿಸಿದರು. ಎಂಡೋಸ್ಕೋಪಿಯಲ್ಲಿ ಜಠರದ ಒಳಗೆ ಅಲ್ಲಲ್ಲಿ ಹುಣ್ಣು ಕಾಣಿಸಿತು. ಮಂಡಿ ನೋವಿಗೆ ಯಾರನ್ನೂ ಕೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆಯ ಫಲ. ಕೂದಲಿಗೆ ಅಂತ ಹೋದವಳಿಗೆ ಹೊಟ್ಟೆಯ ಹುಣ್ಣು ಸಿಕ್ಕಿತು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ತಗೊಳ್ಳಬೇಡಿ, ಮೈಗೆ ಹತ್ತುವುದಿಲ್ಲ ಅಂದರು. ಬೆಳಿಗ್ಗೆ ನಿಂಬೆಹಣ್ಣಿನ ನೀರಿನ ಜೊತೆ ಮಾತ್ರೆ, ಕಾಫಿಗೆ ಆಮೇಲೆ ಒಂದು ಗಂಟೆ ಕಾಯುವುದು. ಇಡೀ ಚಿಕಿತ್ಸೆಯಲ್ಲಿ ನನಗೆ ಕಷ್ಟವಾದದ್ದು ಆ ಒಂದು ಗಂಟೆ.

ಹುಣ್ಣು ಮಾಗಿದ ಮೇಲೆ ತಲೆಗೆ ಮಿನಾಕ್ಸಿಡಿಲ್ ಬರೆದುಕೊಟ್ಟರು. ಮೊದಲು ಇದು ಬಿಪಿ ಮಾತ್ರೆ. ಅಮೆರಿಕದಲ್ಲಿ 1979ರಲ್ಲಿ ಬಂತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬರುವುದು ಕಂಡು, ತಲೆಗೆ ಹಚ್ಚುವ ದ್ರವ ಮಾಡಿದರು. 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ನನಗೂ ಬಿಪಿ ಇರುವುದರಿಂದ ಮೊದಲು ಅದನ್ನು ಕೇಳಿಯೇ ಶುರು ಮಾಡಿದ್ದು.

ಹಚ್ಚುವುದಕ್ಕೂ ಒಂದು ಕ್ರಮ ಇದೆ. ಮೊದಲ ತಿಂಗಳು ನಾನು ಕೂದಲಿಗೆ ಎಣ್ಣೆ ಸವರಿದ ಹಾಗೆ ಸವರಿ ಅರ್ಧ ಔಷಧ ಹಾಳು ಮಾಡಿದೆ. ಅದು ಸೇರಬೇಕಾದದ್ದು ಚರ್ಮಕ್ಕೆ. ಈಗ ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು, ಅದರುದ್ದಕ್ಕೂ ಹನಿ ಬಿಟ್ಟು, ಅರ್ಧ ಇಂಚು ಪಕ್ಕಕ್ಕೆ ಇನ್ನೊಂದು ಬೈತಲೆ, ಹೀಗೆ ಐದು ಸಾಲು. ತಲೆ ಒಣಗಿರಬೇಕು. ರಾತ್ರಿ ಊಟಕ್ಕೆ ಮೊದಲೇ ಹಚ್ಚುತ್ತೇನೆ, ಮಲಗುವ ಹೊತ್ತಿಗೆ ಆರಿರುತ್ತದೆ. ಇಲ್ಲದಿದ್ದರೆ ದಿಂಬಿಗೆ ಹತ್ತಿ, ಅಲ್ಲಿಂದ ಕೆನ್ನೆಗೆ ಬಂದು ಅಲ್ಲೂ ಕೂದಲು. ನನಗೆ ಕಿವಿಯ ಮುಂದೆ ಬಂದೇ ಬಂತು, ಥ್ರೆಡ್ಡಿಂಗ್ ಮಾಡಿಸಿಕೊಳ್ಳುತ್ತೇನೆ. ದ್ರವದಿಂದ ನೆತ್ತಿ ತುರಿಸುತ್ತಿತ್ತು, ಡಾಕ್ಟರನ್ನು ಕೇಳಿ ನೊರೆಯ ಥರ ಬರುವುದಕ್ಕೆ ಬದಲಾಯಿಸಿಕೊಂಡೆ. ಇನ್ನೊಂದು, ಬೆಕ್ಕು ಸಾಕಿದವರು ಗಮನಿಸಿ: ಈ ಔಷಧ ಬೆಕ್ಕಿಗೆ ವಿಷ, ಸ್ವಲ್ಪ ನೆಕ್ಕಿದರೂ ಅಪಾಯ. ನಮ್ಮ ಚಿನ್ನು ನನ್ನ ದಿಂಬಿನ ಮೇಲೇ ಮಲಗುತ್ತಿತ್ತು. ಈಗ ಅದಕ್ಕೆ ಮೊಮ್ಮಗನ ಕೋಣೆ, ಹಚ್ಚಿದ ಕೈ ಸೋಪು ಹಾಕಿ ತೊಳೆಯದೆ ನಾನು ಅದನ್ನು ಮುಟ್ಟುವುದಿಲ್ಲ.

ನಾಲ್ಕನೇ ವಾರ ಲೆಕ್ಕ 130ರಿಂದ 220ಕ್ಕೆ ಏರಿತು. ಮೊದಲೇ ಹೇಳಿದ್ದರು, ಹಳೇ ಕೂದಲು ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ, ಹೆದರಬೇಡಿ ಅಂತ. ಹೇಳದಿದ್ದರೆ ಬಾಟಲಿ ತಿಪ್ಪೆಗೆ ಹೋಗುತ್ತಿತ್ತು. ಮೂರು ತಿಂಗಳು ಏನೂ ಕಾಣಲಿಲ್ಲ. ತಿಂಗಳ ಮೊದಲ ತಾರೀಕು ಅದೇ ಕಿಟಕಿ, ಅದೇ ಹೊತ್ತು, ಸೊಸೆ ನೆತ್ತಿಯ ಫೋಟೊ ತೆಗೆಯುತ್ತಿದ್ದಳು. ಆರನೇ ಫೋಟೊ ಮೊದಲನೆಯದರ ಪಕ್ಕ ಇಟ್ಟಾಗ ವ್ಯತ್ಯಾಸ ಕಂಡಿತು. ಕಿರುಬೆರಳಿನ ಅಗಲ ಹೋಗಿ ಅದರ ಅರ್ಧ ಆಗಿತ್ತು. ಹಳೇ ಜಡೆಯೇನೂ ವಾಪಸು ಬರಲಿಲ್ಲ. ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದೂ ಹೋಗುತ್ತದೆ, ಆದ್ದರಿಂದ ಬಿಪಿ ಮಾತ್ರೆಯ ಹಾಗೆ ಇದೂ ದಿನಚರಿಗೆ ಸೇರಿದೆ.

ಕೂದಲಿಗೆ ಕಪ್ಪು ಬಣ್ಣ ಹಚ್ಚುವ ಯೋಚನೆ ಬಿಟ್ಟೆ. ಕಪ್ಪು ಕೂದಲಿನ ನಡುವೆ ನೆತ್ತಿ ಎದ್ದು ಕಾಣುತ್ತದೆ, ಬೂದು ಕೂದಲಿನಲ್ಲಿ ಬೆರೆತುಹೋಗುತ್ತದೆ. ನನ್ನ ಮಟ್ಟಿಗೆ ಯಾವ ಎಣ್ಣೆಯೂ ಕೊಡದ ಲಾಭ ಅದು. ಎಣ್ಣೆ, ಗೊಂಪು ಬಿಟ್ಟಿಲ್ಲ. ಗೊಂಪಿನಿಂದ ಕೂದಲು ಹುಟ್ಟುವುದಿಲ್ಲ ಅಂತ ಗೊತ್ತಿದೆ, ಆದರೆ ಸಿಕ್ಕು ಬಿಡಿಸುವುದು ಸುಲಭ, ತಲೆಯೂ ತಂಪು.

ಜಡೆಯನ್ನು ಭುಜದವರೆಗೆ ಕತ್ತರಿಸಿಕೊಂಡೆ. ಅಕ್ಕನ ಮೊಮ್ಮಗಳ ಮದುವೆಗೆ ಅಕ್ಕ ಉದ್ದನೆಯ ಚೌರಿ ತಂದುಕೊಟ್ಟಳು. ಅದರ ಭಾರಕ್ಕೆ ಇರುವ ಕೂದಲ ಬುಡವೇ ಎಳೆಯುತ್ತಿತ್ತು, ಮುಹೂರ್ತ ಮುಗಿಯುವ ಮೊದಲೇ ಬಿಚ್ಚಿಟ್ಟೆ. ಮೊದಲೆಲ್ಲ ನಮ್ಮ ಬೀದಿಗೆ ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುವವರು ಬರುತ್ತಿದ್ದರು. ಅಂಥ ಬಾಚಣಿಗೆ ಕೂದಲು ಕೊಪ್ಪಳದ ಭಾಗ್ಯನಗರಕ್ಕೆ ಹೋಗಿ, ಅಲ್ಲಿ ಹೆಂಗಸರು ಕೂತು ಸಿಕ್ಕು ಬಿಡಿಸಿ, ಅಳತೆ ನೋಡಿ ಬೇರೆ ಮಾಡಿ, ವಿಗ್ ಮಾಡುವವರಿಗೆ ದೇಶಾಂತರ ಕಳಿಸುತ್ತಾರಂತೆ. "ನನ್ನ ಕೂದಲು ನನಗೇ ವಾಪಸು ಮಾರಿದ್ದಾರೆ ಮಾರಾಯ್ತಿ" ಅಂದೆ ಅಕ್ಕನಿಗೆ. ಆರತಕ್ಷತೆಗೆ ಒಂದು ಸಣ್ಣ ಕ್ಲಿಪ್, ಅದಕ್ಕೆ ಅರ್ಧ ಮೊಳ ಮಲ್ಲಿಗೆ. ಊಟ ಮುಗಿಯುವವರೆಗೂ ಜಾರಲಿಲ್ಲ.

ಕಳೆದ ಭಾನುವಾರದ ಲೆಕ್ಕ: ಕ್ಯಾಲೆಂಡರಿನ ಮೇಲೆ 31, ಕೊಡೆಬಟ್ಟೆಯ ಮೇಲೆ 52.