ಹೊಸಬರಿಗೆ ಮಾರ್ಗದರ್ಶಿ: ಬೆಳೆದ ಮಗನನ್ನು ಇನ್ನೊಂದು ಮನೆಯಲ್ಲಿ ಬಿಡುವ ಮುಂಚೆ

ಶಿವಮೊಗ್ಗಕ್ಕೆ ಹೊಸದಾಗಿ ಬಂದ ಕೆಲವು ಮನೆಯವರು ನಮ್ಮ ಸಂಘಕ್ಕೆ ಬಂದಾಗ ಬಾಡಿಗೆ ಮನೆ, ಶಾಲೆ ಅಂತ ಕೇಳುವುದಿಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಮಗನೋ ತಂಗಿಯೋ ಅವರ ಜೊತೆ ಇರುತ್ತಾರೆ, ವಯಸ್ಸು ಮೂವತ್ತು ದಾಟಿರುತ್ತದೆ. ನಾವು ಕೆಲಸಕ್ಕೆ ಹೋದಾಗ, ಊರಿಗೆ ಹೋದಾಗ ಇವರು ಎಲ್ಲಿರಬೇಕು ಅನ್ನುವುದು ಅವರ ಪ್ರಶ್ನೆ. ಮಲೆನಾಡಿನಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಇನ್ನೊಂದು ಮನೆ. ಚಿಕ್ಕಮ್ಮನ ಮನೆ, ಪಕ್ಕದ ಮನೆ, ಇಲ್ಲ ಪರಿಚಯದವರ ತೋಟದ ಮನೆ.

ಇಂಗ್ಲೆಂಡಿನಿಂದ ವಾಪಸ್ ಬಂದವರಿಗೆ ಇದು ಗೊತ್ತಿರುವ ವಿಷಯವೇ. ನೆರವು ಬೇಕಾದವರು ಇನ್ನೊಬ್ಬರ ಮನೆಯಲ್ಲಿ, ಅವರ ಮನೆಯವರ ಜೊತೆ ಇರುವ 'ಶೇರ್ಡ್ ಲೈವ್ಸ್' ಅನ್ನುವ ವ್ಯವಸ್ಥೆ ಅಲ್ಲಿದೆ. ನೋಡಿಕೊಳ್ಳುವವರ ಹಿನ್ನೆಲೆ ವಿಚಾರಿಸುತ್ತಾರೆ, ಇಬ್ಬರಿಗೂ ಹೊಂದುತ್ತದಾ ಅಂತ ಮೊದಲು ನೋಡುತ್ತಾರೆ, ಅವರಿಗೆ ಹಣ ಕೊಡುತ್ತಾರೆ. ಇಡೀ ವ್ಯವಸ್ಥೆಯ ಮೇಲೆ ಕೇರ್ ಕ್ವಾಲಿಟಿ ಕಮಿಷನ್ ಅನ್ನುವ ಅಲ್ಲಿನ ನಿಗಾ ಸಂಸ್ಥೆ ಕಣ್ಣಿಡುತ್ತದೆ. ಇಲ್ಲಿ ನೀವು ಪರಿಚಯದವರ ಜೊತೆ ಮಾತಾಡಿಕೊಂಡರೆ ಯಾರೂ ಬಂದು ನೋಡುವುದಿಲ್ಲ. ಆ ಕೆಲಸ ನಿಮ್ಮದೇ.

ಇಂಗ್ಲೆಂಡಿನಿಂದ ಬಂದವರಿಗೆ ಇನ್ನೊಂದು ಮಾತು. ಅಲ್ಲಿನ ಕಾಗದಗಳಲ್ಲಿ ಬೌದ್ಧಿಕ ಅಂಗವೈಕಲ್ಯಕ್ಕೆ 'ಲರ್ನಿಂಗ್ ಡಿಸೆಬಿಲಿಟಿ' ಅಂತಿರುತ್ತದೆ. ನಮ್ಮಲ್ಲಿ ಆ ಹೆಸರು ಕೇಳಿದರೆ ಓದು-ಬರಹದ ತೊಂದರೆ ಅಂದುಕೊಳ್ಳುತ್ತಾರೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಇವೆರಡೂ ಬೇರೆ ಬೇರೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕುವಾಗ 'ಇಂಟಲೆಕ್ಚುವಲ್ ಡಿಸೆಬಿಲಿಟಿ' ಅಂತಲೇ ಇರಲಿ. 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಸಿಗುವುದು ಅದಕ್ಕೆ, ಓದಿನ ತೊಂದರೆಗಲ್ಲ. 18 ತುಂಬಿದ ಮೇಲೆ ಅಪ್ಪ-ಅಮ್ಮ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಪೋಷಕರನ್ನು ನೇಮಿಸಬೇಕಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಈ ಓಡಾಟದಲ್ಲಿ ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ, ತಾಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅನ್ನುತ್ತಾರೆ, ಅವರು ಯಾರು ಅಂತ ವಿಚಾರಿಸಿ.

ಇನ್ನು ಮನೆ ನೋಡುವ ವಿಷಯ. "ಚೆನ್ನಾಗಿ ನೋಡ್ಕೊಳ್ತಾರೆ ಕಣ್ರೀ" ಅಂತ ಎಲ್ಲರೂ ಹೇಳುತ್ತಾರೆ. ಅಷ್ಟಕ್ಕೇ ಒಪ್ಪಬೇಡಿ. ಊಟದ ಹೊತ್ತಿಗೆ ಹೋಗಿ. ನೀವು ಬಿಟ್ಟ ನಿಮ್ಮವರ ತಟ್ಟೆ ಎಲ್ಲಿದೆ ನೋಡಿ. ಎಲ್ಲರೂ ಒಳಗೆ ಕೂತು, ಇವರೊಬ್ಬರೇ ಜಗುಲಿಯಲ್ಲಿ ಬೇರೆ ತಟ್ಟೆ ಹಿಡಿದಿದ್ದರೆ ಮಿಕ್ಕಿದ್ದನ್ನು ಕೇಳುವುದೇ ಬೇಡ. ಮನೆ ಎಷ್ಟು ಚೊಕ್ಕಟ ಇದೆ ಅನ್ನುವುದಕ್ಕಿಂತ ಇದು ದೊಡ್ಡದು.

ಆಮೇಲೆ ಕೆಲಸ. ನಮ್ಮ ಕಡೆಯ ಮನೆಗಳಲ್ಲಿ ಯಾರೂ ಸುಮ್ನೆ ಕೂರುವುದಿಲ್ಲ. ಅಡಿಕೆ ಹೆಕ್ಕುವುದು, ದನಕ್ಕೆ ಹುಲ್ಲು ಹಾಕುವುದು ಇವರಿಗೂ ಖುಷಿಯೇ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಕೊಟ್ಟಿಗೆ ಇವರದೇ, ಸಂಬಳ ಇಲ್ಲ, ಬೇಡ ಅನ್ನುವ ಹಾಗಿಲ್ಲ ಅಂದರೆ ಅದು ಬಿಟ್ಟಿ ಆಳು. ಹಳೆಯ ದೊಡ್ಡ ಮನೆಗಳಲ್ಲಿ ಇಂಥವರನ್ನು "ನಮ್ಮನೆಯವನೇ" ಅನ್ನುತ್ತಾ ಹೀಗೆ ದುಡಿಸಿದ್ದೂ ಉಂಟು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ಇವತ್ತು ಏನು ಮಾಡಿದ್ರಿ?" ಅಂತ ಮಗನನ್ನೇ ಕೇಳಿ. ಮನೆಯವರೇ ಉತ್ತರ ಹೇಳಿದರೆ, ಸ್ವಲ್ಪ ನಿಂತು ಮತ್ತೆ ಮಗನನ್ನೇ ಕೇಳಿ.

ದುಡ್ಡಿನ ಮಾತು ನಮ್ಮವರಿಗೆ ಮುಜುಗರ, ಅಲ್ವಾ? ಆದರೂ ಆಡಿಬಿಡಿ. ನನ್ನ ಪ್ರಕಾರ ಚಿಕ್ಕಮ್ಮನಿಗೂ ತಿಂಗಳಿಗೆ ಇಷ್ಟು ಅಂತ ಕೊಡಬೇಕು. ಉಪಕಾರದ ಭಾರ ಇದ್ದರೆ ತಪ್ಪು ಕಂಡಾಗ ಬಾಯಿ ಬರುವುದಿಲ್ಲ. ಮಗನ ಅಂಗವಿಕಲ ಪಿಂಚಣಿ ಬರುವ ಖಾತೆಯ ಎಟಿಎಂ ಕಾರ್ಡ್ ಮಾತ್ರ ಆ ಮನೆಯಲ್ಲಿ ಬಿಡಬೇಡಿ.

ಇಲ್ಲಿನ ಅಪಾಯಗಳೂ ಬೇರೆ. ಕಟ್ಟೆಯಿಲ್ಲದ ಬಾವಿ, ಬಚ್ಚಲ ಹಂಡೆಯ ಕುದಿನೀರು, ತೋಟದ ಹಳ್ಳ ನೋಡಿಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಬಹಳ ದೂರ. ಫಿಟ್ಸ್ ಇದ್ದರೆ ಅದರ ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಆ ಮನೆಯಲ್ಲಿರಲಿ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬಳಿ ಮೊದಲು ಗೊತ್ತಾದ ಈ ಜ್ವರ ಉಣುಗಿನಿಂದ ಹರಡುತ್ತದೆ. ಮೈಕೈ ನೋವು ಅಂತ ಬಾಯಿಬಿಟ್ಟು ಹೇಳಲಾಗದವರಿಗೆ ಇದು ಹೆಚ್ಚು ಅಪಾಯ. ಕಾಡಂಚಿನ ಮನೆಯಾದರೆ ಹೊರಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಮೈಗೆ ಡೆಪಾ ತೈಲ ಹಚ್ಚುವವರು ಯಾರು, ಸಂಜೆ ಬಿಸಿನೀರು ಸ್ನಾನ ಮಾಡಿಸಿ ಕಂಕುಳು, ಕಿವಿ ಹಿಂದೆ ನೋಡುವವರು ಯಾರು ಅಂತ ಹೆಸರು ಹಿಡಿದು ಕೇಳಿ. ಮಗಳಾದರೆ ಸ್ನಾನ ಮಾಡಿಸುವವರು ಹೆಂಗಸರೇ ಆಗಿರಲಿ, ಆ ಮಾತು ಮೊದಲೇ ಆಗಿರಲಿ.

ಒಮ್ಮೆಲೇ ತಿಂಗಳುಗಟ್ಟಲೆ ಬಿಡಬೇಡಿ. ಮೊದಲು ಒಂದು ಮಧ್ಯಾಹ್ನ, ಆಮೇಲೆ ಒಂದು ರಾತ್ರಿ. ಹೇಳದೆ ಕೇಳದೆ ಒಂದೆರಡು ಸಲ ಹೋಗಿ ಬನ್ನಿ. ಮಾತು ಬಾರದವರೂ ಹೇಳುತ್ತಾರೆ. ಮೂರನೇ ಸಲ ಹೊರಡುವಾಗ ಚಪ್ಪಲಿ ತಾವೇ ಹಾಕಿಕೊಂಡು ಬಾಗಿಲಲ್ಲಿ ನಿಂತರೋ, ಚಪ್ಪಲಿ ಸಿಗುತ್ತಿಲ್ಲ ಅಂತ ಒಳಗೇ ಸುತ್ತಿದರೋ ನೋಡಿ. ಚಪ್ಪಲಿ ಸಿಗದಿದ್ದರೆ ಅವತ್ತು ಕಳಿಸಬೇಡಿ.