ಹೆರಿಗೆಗೆ ಮುನ್ನ ಗಂಡ ಮಾಡಿಟ್ಟುಕೊಳ್ಳಬೇಕಾದ ಸಿದ್ಧತೆ

ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನನ್ನು ನರ್ಸ್ ರಕ್ತದ ಗುಂಪು ಕೇಳಿದಾಗ, ಆತ ತಡಬಡಾಯಿಸಿ ಅತ್ತೆಗೆ ಫೋನ್ ಹಚ್ಚುವುದು ನಮ್ಮ ಕರಾವಳಿಯಲ್ಲಿ ಅಪರೂಪದ ದೃಶ್ಯವೇನಲ್ಲ. ಬಯಕೆಯ ಊಟಕ್ಕೆ ಎಷ್ಟು ಎಲೆ ಬೀಳುತ್ತದೆಂದು ಕರಾರುವಾಕ್ಕಾಗಿ ಹೇಳುವವನಿಗೆ ಹೆಂಡತಿಯ ಹಿಮೋಗ್ಲೋಬಿನ್ ಎಷ್ಟೆಂಬುದು ಗೊತ್ತಿರುವುದಿಲ್ಲ. ತಾಯಂದಿರ ಸಾವಿಗೆ ಮುಖ್ಯ ಕಾರಣಗಳಾದ ಅತಿಯಾದ ರಕ್ತಸ್ರಾವ, ಏರಿದ ರಕ್ತದೊತ್ತಡ ಮತ್ತು ನಂಜು, ಈ ಮೂರಕ್ಕೂ ಚಿಕಿತ್ಸೆಯಿದೆ. ಆದರೆ ಹೊರಡಲು ನಿರ್ಧರಿಸುವಲ್ಲಿ, ಆಸ್ಪತ್ರೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿ ಆಗುವ ವಿಳಂಬವೇ ಜೀವಕ್ಕೆ ಎರವಾಗುತ್ತದೆ. ಈ ಮೂರು ವಿಳಂಬಗಳಲ್ಲಿ ಮೊದಲಿನ ಎರಡನ್ನು ಮನೆಯವರು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು, ಗರ್ಭಿಣಿಯ ತಪಾಸಣೆಗಳ ವಿವರ ಬರೆದಿರುವ ತಾಯಿ ಕಾರ್ಡನ್ನು ಕೈಗೆತ್ತಿಕೊಂಡು ಓದಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಅದು ತೀವ್ರ ಸ್ವರೂಪದ್ದು. ರಕ್ತದೊತ್ತಡ 140/90 ಮುಟ್ಟಿದರೆ ವೈದ್ಯರಿಗೆ ತೋರಿಸಲು ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಂದಿಗಾಗಲಿ ಕ್ಯಾಲ್ಸಿಯಂ ಮಾತ್ರೆಯೊಂದಿಗಾಗಲಿ ಕೊಡದೆ, ಬೇರೆ ಹೊತ್ತಿನಲ್ಲಿ ಕೊಡಬೇಕು.

ಎರಡನೆಯದಾಗಿ, ತಪಾಸಣೆಗೆ ಜೊತೆಯಲ್ಲಿ ಹೋಗಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೊರಗೆ ಬೈಕಿನ ಮೇಲೆ ಕುಳಿತು ಕಾಯುವುದನ್ನು ಜೊತೆಗೆ ಹೋದದ್ದೆಂದು ನಾನು ಲೆಕ್ಕ ಹಿಡಿಯುವುದಿಲ್ಲ.

ಮೂರನೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮಲ್ಲಿ ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರಿನಲ್ಲಿ. ಗಂಡ ಗಲ್ಫಿನಲ್ಲೋ ಮುಂಬೈಯಲ್ಲೋ ಇರಬಹುದು, ಇಲ್ಲವೇ ಮಲ್ಪೆಯಿಂದ ಬೋಟು ಹತ್ತಿ ನೆಟ್‌ವರ್ಕ್ ಸಿಗದಷ್ಟು ದೂರ ಕಡಲಿಗೆ ಹೋಗಿರಬಹುದು. "ಅಳಿಯನಿಗೊಂದು ಮಾತು ಕೇಳೋಣ" ಎಂದು ಮನೆಯವರು ಕಾಯುತ್ತಾ ಕುಳಿತರೆ ರಕ್ತಸ್ರಾವ ಕಾಯುವುದಿಲ್ಲ. ಆದ್ದರಿಂದ ತನ್ನನ್ನು ಕೇಳದೆಯೇ ಹೊರಡಬೇಕೆಂದು ಏಳನೆಯ ತಿಂಗಳಲ್ಲೇ ಅತ್ತೆ, ಮಾವ, ಭಾವನವರ ಎದುರು ಬಾಯಿಬಿಟ್ಟು ಹೇಳಿಬಿಡಬೇಕು. ಪ್ರಾಯಕ್ಕೆ ಬಂದ ಹೆಣ್ಣಿನ ಚಿಕಿತ್ಸೆಗೆ ಕಾನೂನಿನ ಪ್ರಕಾರ ಆಕೆಯ ಒಪ್ಪಿಗೆಯೇ ಸಾಕು ಎಂಬುದೂ ಅವರಿಗೆ ತಿಳಿದಿರಲಿ. 108 ಆಂಬುಲೆನ್ಸ್ ತಲುಪುವುದು ತಡವಾಗಬಹುದಾದ ಒಳಪ್ರದೇಶಗಳಲ್ಲಿ, ಆಟಿ ತಿಂಗಳ ಮಳೆಯ ನಡುರಾತ್ರಿಯಲ್ಲೂ ಬರಲೊಪ್ಪುವ ರಿಕ್ಷಾದವರೊಬ್ಬರ ನಂಬರು ಅಡುಗೆಮನೆಯ ಗೋಡೆಯ ಮೇಲಿರಲಿ. ಮಂಗಳೂರಿನ ಲೇಡಿಗೋಶನ್‌ನಂತಹ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತವಾಗಿರುವುದರಿಂದ ಹಣ ಹೊಂದಿಸಲೆಂದು ಹೊರಡುವುದನ್ನು ಮುಂದೂಡಬೇಕಿಲ್ಲ.

ರಕ್ತ ಕೊಡಲು ಸಿದ್ಧರಿರುವ ಇಬ್ಬರು ಮೂವರು ಗೆಳೆಯರಿಗೂ ಮುಂಚಿತವಾಗಿ ಹೇಳಿಟ್ಟಿರಿ.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಫಿಟ್ಸ್, ಯಾವುದೇ ಪ್ರಮಾಣದ ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯಲ್ಲೇ ಹೊರಡಬೇಕು.

ಹೆರಿಗೆಯಾಯಿತೆಂದರೆ ಗಂಡಸರು ಮಿಠಾಯಿ ಹಂಚಿ ಕೆಲಸಕ್ಕೆ ಮರಳುತ್ತಾರೆ. ತಾಯಿಗೆ ಅಪಾಯ ಹೆಚ್ಚಿರುವುದು ಮೊದಲ 24 ಗಂಟೆಗಳಲ್ಲಿ, ಎಚ್ಚರ ಬೇಕಿರುವುದು 42 ದಿನಗಳವರೆಗೆ. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಅಥವಾ ಜ್ವರದೊಂದಿಗೆ ವಾಸನೆಯ ಸ್ರಾವ ಕಂಡರೆ, ಹಾಲು ಕಟ್ಟಿ ಬಂದ ಜ್ವರವಿರಬೇಕೆಂದು ಕಷಾಯ ಕುದಿಸುತ್ತಾ ಕೂರದೆ, ಬಾಣಂತಿ ಹೊರಗೆ ಹೋಗಬಾರದೆಂಬ ಹಿರಿಯರ ಮಾತಿಗೆ ವಿನಯದಿಂದಲೇ ಒಲ್ಲೆನೆಂದು, ತಾಯಿ ಕಾರ್ಡ್ ಹಿಡಿದು ಆಕೆಯನ್ನು ವಾಹನಕ್ಕೆ ಹತ್ತಿಸಿ.